ನನ್ನ ಕಿಡ್ನಿ ನೋಡಾಕ ಬಂದೀನಿ

ನಮ್ಮ ಅತ್ತಿಯ ಹೆಬ್ಬೆರಳು ಭಕ್ಕರಿ ತಟ್ಟಿ ತಟ್ಟಿ ಚಪ್ಪಟೆಯಾಗಿತ್ತು. ಬಂದವಳೇ ನನ್ನ ಪ್ಯಾಂಟು ಮೇಲೆ ಸರಿಸಿ ಆ ಬೆರಳನ್ನು ಮೊಣಕಾಲ ಕೆಳಗಿನ ಎಲುಬಿನ ಮೇಲೆ ಊರುತ್ತಿದ್ದಳು. ಒತ್ತಿದಲ್ಲಿ ಕುಳಿ ನಿಲ್ಲದಿದ್ದರೆ "ಅಗದೀ ಬೇಷ್" ಎನ್ನುತ್ತಿದ್ದಳು. ನಿಂತರೆ ಮೈಯಲ್ಲಿ ನೀರು ತುಂಬಿದೆ, ಕಿಡ್ನಿ ಕೈಕೊಡುತ್ತಿದೆ ಎಂದರ್ಥ. ಆ ಕಿಡ್ನಿ ಅವಳದೇ. ನನಗೆ ಕೊಟ್ಟಿದ್ದಳು.

ಅತ್ತಿ ಎಂದರೆ ನಮ್ಮಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಸೋಲಾಪುರದ ಅಡತಿ ಅಂಗಡಿಯವರ ಮಗಳು ಅಕ್ಕಲಕೋಟ ಬಸ್ಸಿನ ಡ್ರೈವರನನ್ನು ಮೆಚ್ಚಿ ಮದುವೆಯಾದಳು. ಅಷ್ಟಕ್ಕೇ ಅಪ್ಪ, ಬದುಕಿದ್ದ ತಂಗಿ ಸತ್ತಳೆಂದು ತಲೆಗೆ ನೀರು ಹಾಕಿಕೊಂಡ. ಅವಳ ಹೆಸರೆತ್ತಿದರೆ ಮನೆಯಲ್ಲಿ ತಾಟು ಹಾರುತ್ತಿತ್ತು. ಮುಂದೆ ನನ್ನ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಇದೇ ಅಪ್ಪ, "ನಾ ಮಲಕೊಂಡ್ರ ಅಂಗಡಿ ಯಾರ್ ನೋಡ್ಬೇಕು?" ಅಂದ. ಅವನ ರಕ್ತ ನನಗೆ ಹೊಂದುತ್ತಿತ್ತು. ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ, ಅವಳದು ನಡೆಯುವಂತಿರಲಿಲ್ಲ. ಅವಳೇ ಕದ್ದು ಅಕ್ಕಲಕೋಟೆಗೆ ಹೋಗಿ ಅತ್ತಿಯ ಮುಂದೆ ಗೋಳಾಡಿದಳು.

ಕಿಡ್ನಿ ಕೊಡುವ ಮುಂಚೆ ಅಂಗದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯವರು ಅತ್ತಿಯನ್ನು ಕರೆದು, ಯಾಕೆ ಕೊಡುತ್ತೀರಿ, ಪ್ರೀತಿಯಿಂದಲೇ ತಾನೆ ಎಂದು ವಿಚಾರಿಸಿದರು. "ಹೋಯ್ ಸಾಹೇಬ, ಪ್ರೇಮಾನಂಚ" ಎಂದು ಮರಾಠಿಯಲ್ಲಿ ಒಪ್ಪಿ ಹೊರಗೆ ಬಂದವಳು ನನ್ನ ಕಿವಿ ಹಿಂಡಿದಳು.

"ಪ್ರೀತಿ ಗೀತಿ ಏನಿಲ್ಲಲೇ ಮಗನ. ಸೇಡಿಗೆ ಕೊಡಾಕತ್ತೀನಿ. ನಿಮ್ಮಪ್ಪ ನನ್ನ ಮನಿಯಿಂದ ಹೊರಗ ಹಾಕ್ಯಾನ. ಈಗ ಅವನ ಮಗನ ಹೊಟ್ಟಿಯಾಗ ಹೋಗಿ ಕುಂದರತೀನಿ. ಹ್ಯಾಂಗ ತಗೀತಾನ, ತಗೀಲಿ!"

ಆಪರೇಷನ್ ಆದಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಕೂಡ್ರಿಸಿ ತಿಳಿಸಿದರು. ಮೈ ಈ ಕಿಡ್ನಿಯನ್ನು ಪರಕೀಯ ಎಂದು ಗುರುತಿಸಿ ಹೊರಹಾಕಲು ನೋಡುತ್ತದೆ. ಜ್ವರ, ಬಾವು, ಏರುವ ತೂಕ, ಇಳಿಯುವ ಮೂತ್ರ, ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್, ಇವುಗಳ ಮೇಲೆ ಕಣ್ಣಿಡಬೇಕು. ಅತ್ತಿ ಅಪ್ಪನನ್ನೇ ನೋಡುತ್ತ ಹೇಳಿದಳು, "ಗೊತ್ತೈತ್ರಿ ಡಾಕ್ಟರ್. ಈ ಮನೆತನದ ರಕ್ತದಾಗ ಆ ಚಾಳಿ ಮೊದಲಿಂದ ಐತಿ."

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅತ್ತಿ ನಮ್ಮ ಮನೆಗೆ ಹಾಜರು. ಅಪ್ಪ ಬಾಗಿಲಲ್ಲಿ ಮುಖ ಗಂಟು ಹಾಕಿ ನಿಂತರೆ, "ನಿನ್ನ ಮನಿಗಿ ಬಂದಿಲ್ಲಪಾ, ನನ್ನ ಕಿಡ್ನಿ ನೋಡಾಕ ಬಂದೀನಿ" ಎಂದು ಅವನನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದಳು. ನಮ್ಮ ಮನೆಯ ಹನಿ ನೀರು ಮುಟ್ಟುತ್ತಿರಲಿಲ್ಲ. ನನಗೆ ಉಪ್ಪು ವರ್ಜ್ಯ; ಒಮ್ಮೆ ನನ್ನ ತಾಟಿನ ಪಕ್ಕ ಉಪ್ಪಿನಕಾಯಿ ಭರಣಿ ಕಂಡು ಅದನ್ನು ಹಾಗೇ ಗಟಾರಕ್ಕೆ ಎಸೆದಳು. ಉಳಿದ ದಿನ ಫೋನು. ಅಂಗಡಿ ತುಂಬ ಗಿರಾಕಿ ಇರುವಾಗ "ಉಚ್ಚಿ ಎಷ್ಟಾತಲೇ?" ಎಂದು ಅವಳು ಒದರಿದರೆ ಗಲ್ಲೆಯ ಹಿಂದೆ ಕೂತ ಅಪ್ಪನಿಗೂ ಕೇಳುತ್ತಿತ್ತು. ಅವನಿಗೆ ಕೇಳಲೆಂದೇ ಒದರುತ್ತಿದ್ದಳು.

ಒಂದು ದೀಪಾವಳಿ. ಅಂಗಡಿಯಲ್ಲಿ ಲಕ್ಷ್ಮೀಪೂಜೆ. ನನಗೆ ಮುಂಜಾನೆಯಿಂದ ಜ್ವರ, ಬಾತ ಕಾಲಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ. "ಪೂಜಾ ಮುಗೀಲಿ, ನಾಳೆ ನೋಡಿದರಾತು" ಅಂದ ಅಪ್ಪ. ಅವ್ವ ಅತ್ತಿಗೆ ಫೋನು ಮಾಡಿದಳು. ಮಂಗಳಾರತಿಯ ಹೊತ್ತಿಗೆ ಅತ್ತಿ ನುಗ್ಗಿ ಬಂದು ಎಲ್ಲರೆದುರು ನನ್ನ ಕಾಲು ಒತ್ತಿದಳು. ಕುಳಿ ಬಿತ್ತು, ಮೇಲೇಳಲಿಲ್ಲ. ಅಪ್ಪ ಅಡ್ಡ ಬಂದ.

"ಸರಿಯೋ ಅಣ್ಣಾ! ಒಂದ್ ಸಲ ಹೊರಗ ಹಾಕಿದಿ. ಇನ್ನೊಂದ್ ಸಲ ಹಾಕಗೊಡಂಗಿಲ್ಲ!"

ನನ್ನನ್ನು ರಿಕ್ಷಾದಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಒಯ್ದಳು. ಬಯಾಪ್ಸಿಯಲ್ಲಿ, ಮೈ ಕಿಡ್ನಿಯನ್ನು ಹೊರಹಾಕಲು ಶುರುಮಾಡಿದೆ ಎಂದೇ ಬಂತು. ತಡಮಾಡಿದ್ದರೆ ಹೋಗುತ್ತಿತ್ತು ಎಂದರು ಡಾಕ್ಟರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿದರು. ಕ್ರಿಯಾಟಿನಿನ್ ಇಳಿದ ರಿಪೋರ್ಟು ಬಂದ ದಿನ ಅತ್ತಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಸೇಡಿಗೆ ಕೊಟ್ಟೀನಿ ಅಂತಿದ್ದಿ, ಈಗ್ಯಾಕ ಅಳತಿ?" ಅಂದೆ.

"ಸುಮ್ನ ಮಲಕೋ, ಖೋಡಿ."

ಹೋದ ಬೇಸಿಗೆಯಲ್ಲಿ ಎದೆನೋವು ಬಂದು ಅತ್ತಿ ತೀರಿಕೊಂಡಳು. ನಮ್ಮ ಕಡೆ ಹೆಣ್ಣುಮಗಳು ಸತ್ತರೆ ಕೊನೆಯ ಸೀರೆ ತವರಿನವರು ಹೊದಿಸಬೇಕು. ಅಕ್ಕಲಕೋಟೆಯ ಆ ಮನೆಗೆ ಅಪ್ಪ ಮೊದಲ ಸಲ ಬಂದ, ಕೈಯಲ್ಲಿ ಇಳಕಲ್ ಸೀರೆ ಹಿಡಿದು. ಜನ ದಾರಿ ಬಿಟ್ಟರು. ನಾನು ಬಿಡಲಿಲ್ಲ. ಹೊಸ್ತಿಲ ಮೇಲೆ ನಿಂತೆ.

"ಅತ್ತಾಗ ಸರಿ. ನನ್ನ ತಂಗಿ ಆಕಿ," ಅಂದ.

"ಆಕಿ ತವರು ನಾ ಅದೀನಿ. ಸೀರಿ ನಾ ಹೊದಿಸೀನಿ. ನೀ ಮನಿಗಿ ನಡಿ."

ಅತ್ತಿಯ ಗಂಡ ತಲೆ ತಗ್ಗಿಸಿ ಕೂತಿದ್ದ. ಬಿಡೋ ಎಂದು ಅವನೂ ಹೇಳಲಿಲ್ಲ. ಹೆಣ ಎತ್ತುವವರೆಗೂ ಅಪ್ಪ ಅಂಗಳದ ಬಿಸಿಲಲ್ಲೇ ನಿಂತಿದ್ದ. ಪಾಪ ಅನಿಸಲಿಲ್ಲವೇ ಎಂದು ಜನ ಕೇಳುತ್ತಾರೆ. ಇಲ್ಲ. ಇವತ್ತಿಗೂ ಇಲ್ಲ. ಸಂಜೆ ಅವನು ಆ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ಸೋಲಾಪುರದ ಬಸ್ಸು ಹತ್ತಿದ.