ಗೋಡೆ ಪಕ್ಕದ ಜಾಗ

ನಿವೃತ್ತಿಯ ನಂತರವೂ ವಾರಕ್ಕೆ ಮೂರು ದಿನ ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದು ದೇವದುರ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನದೊಂದು ನಿಯಮ: ತರಗತಿಯಲ್ಲಿ ಕನ್ನಡ ಮಾತಾಡಿದವರು ಗಂಟೆ ಹೊಡೆಯುವ ತನಕ ಗೋಡೆ ಪಕ್ಕ ನಿಲ್ಲಬೇಕು. ಮಾನ್ವಿಯಲ್ಲಿ ನನ್ನ ಗುರುಗಳು ನನ್ನನ್ನು ಹಾಗೆಯೇ ನಿಲ್ಲಿಸಿದ್ದರು. ನನಗೆ ಇಂಗ್ಲಿಷ್ ಬಂದದ್ದು ಅದರಿಂದಲೇ ಎಂದು ನಂಬಿದ್ದೆ.

ಅವತ್ತು ಆಫ್ರಿಕಾದ ಕಾದಂಬರಿಯೊಂದನ್ನು ಶುರು ಮಾಡಬೇಕಿತ್ತು. ಅದಕ್ಕೆ ಮೊದಲು ವಸಾಹತು ಆಳ್ವಿಕೆಯ ಬಗ್ಗೆ ಹೇಳಲು ಟಿಪ್ಪಣಿ ತಂದಿದ್ದೆ. ಮೇಜಿನ ಮೇಲೆ ಗಬ್ಬೂರಿನ ಹುಡುಗಿಯ ಅರ್ಜಿ ಇತ್ತು: ಇಂಗ್ಲಿಷ್ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುತ್ತೇನೆ, ಸಹಿ ಬೇಕು. ಆಫೀಸಿಗೆ ಕೊಡಲು ಅದೇ ಕೊನೆಯ ದಿನ. ಬರವಣಿಗೆಯಲ್ಲಿ ಜಾಣೆ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

"ಇಂಗ್ಲಿಷರು ನಿಮ್ಮ ಊರಿನಲ್ಲಿ ಏನು ಬಿಟ್ಟುಹೋದರು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಹಿಂದಿನ ಬೆಂಚಿನ ತುಂಟ ತಾನಾಗಿಯೇ ಗೋಡೆಗೆ ಹೋಗಿ ನಿಂತು ಬಾಯಿ ಬಿಟ್ಟ: "ಸರ, ನಮ್ಮ ಕಡಿ ಅವರು ಎಲ್ಲಿ ಆಳ್ಯಾರ್ರೀ? ನಮ್ಮದು ನಿಜಾಮರ ರಾಜ್ಯ ಅಲ್ಲೇನ್ರೀ?"

ನಿಜ. ಅದು ನಾನು ಧಾರವಾಡದಲ್ಲಿ ಓದುವಾಗ ಬರೆದುಕೊಂಡ ಟಿಪ್ಪಣಿ, ಬ್ರಿಟಿಷರು ಆಳಿದ ಸೀಮೆಯದು. ಮುಚ್ಚಿಟ್ಟೆ.

"ಇವತ್ತು ಕನ್ನಡದಾಗ ಹೇಳ್ರಿ. ನಿಮ್ಮ ಹಿರ್ಯಾರು ಸಾಲಿ ಹೆಂಗ ಕಲ್ತರು?"

ಗಬ್ಬೂರಿನ ಹುಡುಗಿ ಎದ್ದಳು. "ನಮ್ಮ ಮುತ್ತ್ಯಾ ಎರಡ ವರ್ಷ ಹೋಗಿದ್ನಂತ್ರೀ. ಸಾಲ್ಯಾಗ ಎಲ್ಲಾ ಉರ್ದು, ಮನ್ಯಾಗ ಕನ್ನಡ. ಬಾಯಿ ತೆರಿಯಾಕ ಬರ್ಲಿಲ್ಲ, ಹೊಡಿಸಿಕೊಂಡು ಸಾಲಿ ಬಿಟ್ಟ. ಸಾಯೋತನಕ ತಾನು ದಡ್ಡ ಅಂತಿದ್ದ."

"ನೀನೂ ಬಿಡಾಕತ್ತಿ ಅಲ್ಲಬೇ," ಗೋಡೆಯಿಂದ ತುಂಟ ಕೂಗಿದ. "ಮನಿತನ ಉಳಿಸಿದಿ ನೋಡು!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಿನಗೇನಲೇ, ಆ ಗೋಡಿ ಅಂದ್ರ ಮಾವನ ಮನಿ. ನನಗ ಅಲ್ಲಿ ನಿಂದ್ರಾಕ ನಾಚಿಕಿ ಬರ್ತದ."

ಆ ಕಾದಂಬರಿಯಲ್ಲೂ ಒಂದು ಶಾಲೆಯಿದೆ. ತಾಯಿನುಡಿ ಆಡಿದ ಹುಡುಗನಿಗೆ ಅಲ್ಲಿ ಶಿಕ್ಷೆ. ಆ ಪುಟದ ಅಂಚಿಗೆ ನಾನೇ ಕೆಂಪು ಶಾಯಿಯಲ್ಲಿ "ಕ್ರೂರ" ಎಂದು ಬರೆದಿದ್ದೆ.

"ಬಂದು ಕೂಡಪಾ," ಎಂದು ತುಂಟನನ್ನು ಕರೆದೆ. "ಇನ್ನ ಅಲ್ಲಿ ಯಾರೂ ನಿಂದ್ರೂದು ಬ್ಯಾಡ. ಮೊದಲ ಕನ್ನಡದಾಗ ಕೇಳ್ರಿ, ಆಮ್ಯಾಗ ಬಂದಷ್ಟು ಇಂಗ್ಲಿಷಿನ್ಯಾಗ ಹೇಳ್ರಿ."

ಕಾದಂಬರಿಯ ಆ ಹುಡುಗನ ಕಥೆಯಿಂದಲೇ ಪಾಠ ಶುರು ಮಾಡಿದೆ. ಗಂಟೆ ಹೊಡೆದಾಗ ಅರ್ಜಿಗೆ ಸಹಿ ಹಾಕಿ ಗಬ್ಬೂರಿನ ಹುಡುಗಿಯ ಕೈಗೆ ಕೊಟ್ಟೆ. "ಆಫೀಸಿಗೆ ಕೊಡೂದು ಬಿಡೂದು ನಿನಗ ಬಿಟ್ಟದ್ದವ್ವಾ."

ಸಂಜೆ ರಾಯಚೂರಿನ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಿಂದ ತಿರುಗಿ ಕೇಳಿದಳು: "ಸರ, ಆ ಕಾದಂಬರ್ಯಾಗಿನ ಹುಡುಗ ಕಡೀಗೆ ಸಾಲಿ ಬಿಡ್ತಾನೇನ್ರೀ?"

"ನೀನ ಓದಿ ನೋಡು," ಎಂದು ನನ್ನ ಪ್ರತಿಯನ್ನೇ ಕೊಟ್ಟೆ. ಗಬ್ಬೂರು ಬರುವ ಹೊತ್ತಿಗೆ ನಾಲ್ಕು ಪುಟ ಓದಿದ್ದಳು. ಇಳಿಯುವ ಮುಂಚೆ ಚೀಲದಿಂದ ಅರ್ಜಿ ತೆಗೆದು, ಮಡಚಿ, ಓದಿದ ಪುಟದ ಗುರುತಿಗೆ ಇಟ್ಟುಕೊಂಡಳು.