ಮಗ್ಗದ ಓಣಿಯ ಟಿಕ್ ಮಾರ್ಕುಗಳು

ಮತದಾರರ ಪಟ್ಟಿ ನನ್ನ ಕೈಗೆ ಬಂದದ್ದು ನನ್ನ ಹ್ಯಾಂಡ್‌ರೈಟಿಂಗ್ ದೆಸೆಯಿಂದ. ಬನಹಟ್ಟಿಯ ನಮ್ಮ ವಾರ್ಡು ಆ ಸಲ ಮಹಿಳೆಯರಿಗೆ ಮೀಸಲಾಗಿತ್ತು. ನನ್ನ ನಾದಿನಿ ನಗರಸಭೆಗೆ ನಿಂತಿದ್ದಳು. ಜೀವಮಾನವೆಲ್ಲ ಮಕ್ಕಳಿಗೆ ಗಣಿತ ಕಲಿಸಿ ರಿಟೈರ್ ಆದವಳು. ಇದೊಂದು ಸಲ ಗೆಲ್ಲಬೇಕೆಂಬ ಆಸೆ ಅವಳಿಗೆ ಬಹಳ ಇತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

"ಅಕ್ಕಾರ, ನಿಮ್ಮವು ಕಾನ್ವೆಂಟ್ ಅಕ್ಷರ. ನಮಗ ವೋಟ್ ಹಾಕೂ ಮನಿಗೆ ಟಿಕ್, ಹಾಕದವರಿಗೆ ಕ್ರಾಸ್. ಮುಗೀತು" ಎಂದರು ಪಕ್ಷದ ಮುಖಂಡರು.

ವಾರ್ಡಿನಲ್ಲಿ ಎರಡು ಓಣಿ ಯಾವತ್ತೂ ನಮ್ಮ ಪಕ್ಷದವು, ಎರಡು ಎದುರಿನವರವು. ನಡುವಿನ ಮಗ್ಗದ ಓಣಿ ಯಾರ ಕಡೆ ವಾಲುತ್ತದೋ ಅವರದೇ ಗೆಲುವು. ಅಮೆರಿಕದ ಎಲೆಕ್ಷನ್ ಬಂದಾಗ ಟಿವಿಯವರು ಸ್ವಿಂಗ್ ಸ್ಟೇಟ್ ಎನ್ನುತ್ತಾರಲ್ಲ, ಇದು ನಮ್ಮ ಸ್ವಿಂಗ್ ಓಣಿ.

ಅಲ್ಲಿಗೆ ನಾವು ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಮನೆಮನೆಯಲ್ಲೂ ಪವರ್‌ಲೂಮಿನ ಖಟಖಟ, ಮಾತು ಕಿವಿಗೆ ಬೀಳದು. ನಾದಿನಿ ಕೈಮುಗಿದು ಏನೋ ಹೇಳುವಳು, ಒಳಗಿನವರು ಮಗ್ಗ ನಿಲ್ಲಿಸದೆ ನಕ್ಕು ತಲೆಯಾಡಿಸುವರು, ನಾನು ಟಿಕ್ ಹಾಕುವೆ. ನೂಲಿನ ಕಂಡಿಕೆ ಸುತ್ತುತ್ತಿದ್ದ ಒಬ್ಬಾಕೆ ಮಾತ್ರ ನಳದ ಕಡೆ ಕೈ ತೋರಿಸಿ ಬಹಳ ಹೊತ್ತು ಮಾತಾಡಿದಳು.

"ಏನಂದ್ಲರಿ ಆಕಿ?" ಎಂದೆ, ಹೊರಗೆ ಬಂದು.

"ನೀರು ಕುಡದು ಹೋಗ್ರಿ ಅಂದ್ಲು. ಎಷ್ಟ್ ಪ್ರೀತಿ ನೋಡ್ರಿ! ಎರಡು ಟಿಕ್ ಹಾಕ್ರಿ" ಎಂದರು ಮುಖಂಡರು.

ಮತದಾನಕ್ಕೆ ಮೂರು ದಿನ ಇದ್ದಾಗ ನಾದಿನಿ ಮೆಲ್ಲಗೆ ಮಾತು ತೆಗೆದಳು. "ವೈನಿ, ಮಗ್ಗದ ಓಣಿಗೆ ಇನ್ನೊಮ್ಮೆ ಹೋಗಿ ಬರೂಣೇನ್ರಿ? ಯಾಕೋ ಮನಸ್ಸು ಒಪ್ಪವಲ್ತು."

"ಬಾಯಾರ, ಗೆದ್ದ ಓಣಿಗೆ ಮತ್ಯಾಕ? ಇನ್ನ ಮೆರವಣಿಗಿ ತಗೊಂಡ ಹೋಗೂದು" ಎಂದು ಮುಖಂಡರು ನಕ್ಕರು. ಅವಳು ನನ್ನ ಮುಖ ನೋಡಿದಳು. ನಾನು ಪಟ್ಟಿ ಬಿಡಿಸಿ, "ಡೋಂಟ್ ವರಿ, ಒಂದರ ಕ್ರಾಸ್ ಐತೇನು ನೋಡು" ಎಂದೆ. ಅವಳು ಪಟ್ಟಿ ಮಡಚಿಟ್ಟಳು. ಆ ಮಧ್ಯಾಹ್ನ ಕರೆಂಟ್ ಹೋಯಿತು. ನಾವು ಬೀಸಣಿಗೆ ಹಿಡಿದು ಮಲಗಿದೆವು. ಎದುರು ಪಕ್ಷದಾಕೆ ಅದೇ ಹೊತ್ತಿಗೆ ಮಗ್ಗದ ಓಣಿಯ ಕಟ್ಟೆಯ ಮೇಲೆ ಕೂತು ಅಲ್ಲಿಯವರ ಮಾತು ಕೇಳುತ್ತಿದ್ದಳಂತೆ. ನಮಗದು ತಿಳಿದದ್ದು ಎಣಿಕೆಯ ದಿನ, ನಾದಿನಿ ಸೋತ ಮೇಲೆ.

ಓಣಿಯವರು ಮೋಸ ಮಾಡಿದರೆಂದು ಮುಖಂಡರು ಬೈದಾಡಿದರು. ನಾದಿನಿ ಬೈಯಲಿಲ್ಲ. ಆ ವಾರ ಮತ್ತೆ ಕರೆಂಟ್ ಹೋದಾಗ ಛತ್ರಿ ಹಿಡಿದು ನನ್ನ ಬಾಗಿಲಿಗೆ ಬಂದಳು. "ಏಳ್ರಿ ವೈನಿ, ಪಟ್ಟಿ ತಗೋರಿ."

ಮಗ್ಗಗಳು ನಿಂತು ಓಣಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಯಾರದೋ ಮನೆಯ ಒಗ್ಗರಣೆ ಚಟಪಟ ಎಂದದ್ದು ಕೇಳಿಸಿತು. ಕಂಡಿಕೆಯವಳು ಚಾಪೆ ಹಾಸಿದಳು.

"ಅವತ್ತೂ ಅದನ್ನ ಹೇಳಿದ್ನೆವ್ವಾ. ಮಗ್ಗ ನಡಿಯೂ ಹೊತ್ತಿಗೇ ನಳ ಬಿಡ್ತಾರ. ನೀರಿಗೆ ಹೋದ್ರ ಕೆಲಸ ನಿಲ್ತೈತಿ, ಕೆಲಸ ಹಿಡಿದ್ರ ಕೊಡ ಖಾಲಿ. ನೀವು ನಕ್ಕೋಂತ ಹೋದ್ರಿ."

"ಮತ್ತ ಎಲ್ಲಾರೂ ತಲಿ ಅಲ್ಲಾಡಿಸಿದ್ರಲ್ಲ?" ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ಬಂದವರಿಗೆ ಅಷ್ಟೂ ಮಾಡಬಾರದೇನ್ರಿ? ಆ ಪಕ್ಷದಾಕಿ ಬಂದಾಗೂ ಅಲ್ಲಾಡಿಸೇವಿ!"

ನಾದಿನಿ ಸೋತ ಮೇಲೆ ಮೊದಲ ಸಲ ನಕ್ಕಳು. ನನಗೆ ನಾನು ಓದಿದ ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನ ಸಿಸ್ಟರ್ ನೆನಪಾದರು. ನಾನು ತಲೆಯಾಡಿಸಿದಾಗಲೆಲ್ಲ ಗದ್ದ ಹಿಡಿದೆತ್ತಿ, "ಯೂಸ್ ಯುವರ್ ಟಂಗ್, ಚೈಲ್ಡ್" ಎನ್ನುತ್ತಿದ್ದರು, ಬಾಯಿ ಬಿಟ್ಟು ಹೇಳು ಅಂತ. ಅವರ ಅಕ್ಷರ ಕಲಿತೆ, ಅವರ ಮಾತು ಮರೆತೆ.

ಆ ಪಟ್ಟಿಯ ಬೆನ್ನಿಗೇ ಯಾವ ಮನೆಗೆ ಯಾವ ಹೊತ್ತಿಗೆ ನೀರು ಬೇಕೆಂದು ಬರೆದುಕೊಂಡು ನಾವು ಗೆದ್ದವಳ ಮನೆಗೆ ಹೋದೆವು. ಆಕೆ ಚಹಾ ಕೊಟ್ಟು, "ನಾ ಹಿಂಗ ಬರಕೊಂಡಿದ್ದಿಲ್ರಿ, ಬಾಯಾರ" ಎಂದು ಪಟ್ಟಿ ಇಸಿದುಕೊಂಡಳು. ಈಗ ಓಣಿಗೆ ನಸುಕಿನಲ್ಲೇ, ಮಗ್ಗ ಶುರುವಾಗುವ ಮೊದಲೇ ನೀರು ಬರುತ್ತದೆ. ಕರೆಂಟ್ ಹೋದರೆ ನಾದಿನಿಯ ಕಾಲುಗಳು ತಾವಾಗಿ ಆ ಕಡೆ ತಿರುಗುತ್ತವೆ, ಅವಳ ಹಿಂದೆ ನನ್ನವೂ.

ಮೊನ್ನೆ ಅದೇ ಚಾಪೆಯ ಮೇಲೆ ಕೂತಾಗ ಕೇಳಿದೆ, "ಮುಂದಿನ ಸಲ ಮತ್ತ ನಿಲ್ತೀಯೇನು?"

ಅವಳು ತಲೆಯಾಡಿಸಿದಳು.

"ಹಂಗಲ್ಲ. ಬಾಯಿ ಬಿಟ್ಟು ಹೇಳು."

"ನಿಲ್ತೀನ್ರಿ ವೈನಿ, ನಿಲ್ತೀನಿ" ಎಂದಳು, ಇಡೀ ಓಣಿಗೆ ಕೇಳುವಂತೆ.