ಇಪ್ಪತ್ತಾರು ಚೀಲ ಜೋಳ, ಒಂದು ಮೊರ

ಆಗ ನಾನು ಯಾದಗಿರಿಯಲ್ಲಿ ಲೆಕ್ಕಪರಿಶೋಧನಾ ಅಧಿಕಾರಿ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಶಹಾಪುರ, ಸುರಪುರ ತಾಲೂಕುಗಳ ಸರ್ಕಾರಿ ಹಾಸ್ಟೆಲ್‌ಗಳ ಆಡಿಟ್ ನನ್ನ ಪಾಲಿಗೆ ಬಂದಿತ್ತು. ಆಡಿಟ್ ಎಂದರೆ ಬರೀ ಬಿಲ್ಲು, ವೋಚರ್ ನೋಡುವುದಲ್ಲ. ಉಗ್ರಾಣದ ಬಾಗಿಲು ತೆಗೆಸಿ, ರಿಜಿಸ್ಟರ್‌ನಲ್ಲಿ ಇರುವುದು ನೆಲದ ಮೇಲೂ ಇದೆಯೇ ಎಂದು ತೂಗಿ ನೋಡುವುದೂ ಹೌದು. ಅದಕ್ಕೆ ಸ್ಟಾಕ್ ವೆರಿಫಿಕೇಶನ್ ಎನ್ನುತ್ತೇವೆ. ಧೂಳಿಗೆ ಹೆದರಿ ಬಾಗಿಲಲ್ಲೇ ನಿಂತು ಸಹಿ ಹಾಕುವವರು ಬಹಳ. ನಾನು ಸೆರಗು ಸಿಕ್ಕಿಸಿ ಒಳಗೆ ನುಗ್ಗುವವಳು. ಬೆನ್ನ ಹಿಂದೆ ನನ್ನನ್ನು ‘ತಕ್ಕಡಿ ಮೇಡಂ’ ಎನ್ನುತ್ತಿದ್ದರು. ನನಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಸುರಪುರದ ದಾರಿಯಲ್ಲಿದ್ದ ಹುಡುಗಿಯರ ಹಾಸ್ಟೆಲ್ ಅದು. ಊರ ಹೆಸರು ಬೇಡ. ಐವತ್ತು ಕೆ.ಜಿ.ಯ ಮೂವತ್ತು ಚೀಲ ಜೋಳ ಬಂದಿತ್ತು. ನಾಲ್ಕು ಚೀಲ ಬಿಚ್ಚದೆ ಉಳಿದಿದ್ದವು. ಬಿಚ್ಚಿದ ಇಪ್ಪತ್ತಾರು ಚೀಲದ ಲೆಕ್ಕಕ್ಕೆ ಹದಿಮೂರು ನೂರು ಕೆ.ಜಿ. ಗಿರಣಿಗೆ ಹೋಗಿರಬೇಕು. ಗಿರಣಿಯ ಚೀಟಿಗಳನ್ನು ಕೂಡಿಸಿದರೆ ಹನ್ನೆರಡು ನೂರ ಹತ್ತು. ತೊಂಬತ್ತು ಕೆ.ಜಿ. ಇಲ್ಲ.

ವಾರ್ಡನ್ ಗಾಬರಿಯಾಗಲಿಲ್ಲ. ಟೇಬಲ್ಲಿನ ಖಾನೆಯಿಂದ ಒಂದು ಹಾಳೆ ತೆಗೆದು ಕೊಟ್ಟರು. ‘ಜೋಳದ ಕೊರತೆಗೆ ನಾನೇ ಹೊಣೆ’ ಎಂದು ಬರೆದಿತ್ತು, ಕೆಳಗೆ ಅಡುಗೆಯ ದೇವಮ್ಮನ ಸೊಟ್ಟ ಅಕ್ಷರದ ಸಹಿ. ಆಕೆ ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಆಗುವವರ ಪಟ್ಟಿಯಲ್ಲಿ ಆ ವರ್ಷವೇ ಆಕೆಯ ಹೆಸರು ಸೇರಿತ್ತು. ಕಳವಿನ ಮಾತು ಕಡತಕ್ಕೆ ಹೋದರೆ ಪಟ್ಟಿಯಿಂದಲೂ ಹೊರಗೆ, ಕೆಲಸದಿಂದಲೂ ಹೊರಗೆ.

ನಾನೂ ಬರೆದೇಬಿಟ್ಟೆ. ಆಡಿಟ್ ಆಕ್ಷೇಪಣೆಗೆ ನಮ್ಮಲ್ಲಿ ಪ್ಯಾರಾ ಎನ್ನುತ್ತಾರೆ. ಅಡುಗೆಯವರ ಮೇಲೆ ಕ್ರಮ ಜರುಗಿಸತಕ್ಕದ್ದು ಎಂಬ ಪ್ಯಾರಾದ ಕರಡು ಸಿದ್ಧವಾಯಿತು. ಸಹಿ ಹಾಕುವ ಮುನ್ನ, ನಿಯಮವಿದೆ ಎಂಬ ಒಂದೇ ಕಾರಣಕ್ಕೆ ಆಕೆಯನ್ನು ಕರೆಸಿದೆ.

ದೇವಮ್ಮ ಅಳಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು.

“ಬಾಯಾರ, ಜ್ವಾಳ ನಾ ಕದ್ದಿಲ್ರಿ. ಸಹಿ ಮಾಡು ಅಂದ್ರು, ಮಾಡೀನಿ. ಹುಡುಗ್ಯಾರಿಗೆ ಹಳ್ಳಿನ ರೊಟ್ಟಿ ಹ್ಯಾಂಗ ಹಾಕ್ಲಿ? ಹಸನ ಮಾಡಿ ಗಿರಣಿಗೆ ಕಳಸೀನ್ರಿ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಹಳ್ಳು ಎಂದರೆ ಕಾಳಿನೊಳಗಿನ ಸಣ್ಣ ಕಲ್ಲು. ನಾನು ಇದೇ ಶಹಾಪುರ ತಾಲೂಕಿನ ಗೋಗಿಯಲ್ಲಿ ಹುಟ್ಟಿ ಬೆಳೆದವಳು. ಅವ್ವನ ಪಕ್ಕ ಕೂತು ಮೊರದಲ್ಲಿ ಎಷ್ಟು ಜೋಳ ಕೇರಿದ್ದೇನೋ ಲೆಕ್ಕವಿಲ್ಲ. ನಮ್ಮ ಮನೆಯಿಂದ ಹಸನು ಮಾಡದ ಕಾಳು ಗಿರಣಿಗೆ ಹೋದದ್ದೇ ಇಲ್ಲ. ಆದರೂ ರಿಜಿಸ್ಟರ್ ಮುಂದೆ ಕೂತಾಗ ಚೀಲಕ್ಕೂ ಗಿರಣಿಗೂ ನಡುವೆ ಒಂದು ಮೊರವಿದೆ ಎಂಬುದು ನನ್ನ ತಲೆಗೇ ಬರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಆ ಹಳ್ಳು, ಕಸ ಎಲ್ಲಿ ಹಾಕೀದಿ?” ಎಂದೆ.

ಆಕೆ ಹಿತ್ತಲಿಗೆ ಕರೆದೊಯ್ದಳು. ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಹುಡುಗಿಯರು ಕೆಸರಿನಲ್ಲಿ ಜಾರದಿರಲಿ ಎಂದು, ಹಳ್ಳು ಸುರುವಿ ತುಳಿದು ಗಟ್ಟಿ ಮಾಡಿದ್ದಳು. ಹೊಟ್ಟು ಗಾಳಿಗೆ ಹಾರಿಹೋಗಿತ್ತು. ಕಣ್ಣಿಗೆ ಕಂಡರೆ ಸಾಲದು, ಆಡಿಟ್‌ಗೆ ತೂಕ ಬೇಕು. ಬಿಚ್ಚದ ನಾಲ್ಕು ಚೀಲವೂ ಮಿಕ್ಕವುಗಳ ಜೊತೆ ಒಂದೇ ಲಾರಿಯಲ್ಲಿ ಬಂದಿದ್ದವು. ಎರಡನ್ನು ಬಿಚ್ಚಲು ಹೇಳಿದೆ.

ವಾರ್ಡನ್ ಈಗ ಗಾಬರಿಯಾದರು. “ಬಿಚ್ಚಿದ್ರ ಸಪ್ಲೈಯರ್ ವಾಪಸ್ ತಗೊಳ್ಳಂಗಿಲ್ರಿ” ಎಂದು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ನನ್ನ ಮೇಲಧಿಕಾರಿಯ ಕರೆ ಬಂತು.

“ಒಂದು ಪ್ಯಾರಾ ಬರದು ಮುಗಸ್ರಿ ಮೇಡಂ. ಅಡಗಿ ಹೆಣಮಗಳ ಸಲುವಾಗಿ ಇಷ್ಟ್ಯಾಕ ತಲಿ ಕೆಡಸ್ಕೊಳ್ಳಾಕತ್ತೀರಿ?”

“ಪ್ಯಾರಾ ಬರೀತೀನ್ರಿ ಸರ್. ತೂಕ ಮಾಡಿ ಬರೀತೀನಿ” ಎಂದು ಫೋನ್ ಇಟ್ಟೆ.

ನೆಲಕ್ಕೆ ಗೋಣಿತಟ್ಟು ಹಾಸಿ ನಾನೂ ದೇವಮ್ಮನೂ ಎದುರುಬದುರು ಕೂತೆವು. ನನ್ನ ಸಹಾಯಕ ಬಸವರಾಜ ಗಡಿಯಾರ ನೋಡುತ್ತ, “ಐದರ ಬಸ್ ಹೋಗ್ತದ್ರಿ ಮೇಡಂ” ಎಂದ. ಹೋಗಲಿ ಎಂದೆ. ಇಪ್ಪತ್ತು ವರ್ಷದ ನಂತರ ಮೊರ ಹಿಡಿದಿದ್ದೆ. ಮೊದಲ ನಾಲ್ಕು ಬೀಸಿಗೆ ಜೋಳವೇ ಹೊರಗೆ ಹಾರಿತು. “ಬಾಯಾರ, ಹಿಂಗ ಕೇರಿದ್ರ ನಿಮ್ಮ ಮ್ಯಾಲೂ ಪ್ಯಾರಾ ಬೀಳತೈತಿ” ಎಂದು ದೇವಮ್ಮ ನಕ್ಕಳು. ಅಂಥ ಹೊತ್ತಿನಲ್ಲೂ ನಗಬಲ್ಲವಳನ್ನು ನಾನು ಕಳ್ಳಿ ಎಂದು ಬರೆಯಹೊರಟಿದ್ದೆ. ಶಾಲೆಯಿಂದ ಬಂದ ಹುಡುಗಿಯರೂ ಹಳ್ಳು ಆರಿಸಲು ಕೂತರು. ಕೊನೆಗೆ ಬಸವರಾಜನೂ ಪ್ಯಾಂಟು ಮಡಚಿ ತಕ್ಕಡಿ ಹಿಡಿದ.

ಒಂದು ಚೀಲದಲ್ಲಿ ಮೂರು ಕೆ.ಜಿ. ನೂರು ಗ್ರಾಮ್ ಕಸ, ಇನ್ನೊಂದರಲ್ಲಿ ಮೂರು ಕೆ.ಜಿ. ಆರುನೂರು. ಅದರ ಸರಾಸರಿಯನ್ನು ಇಪ್ಪತ್ತಾರಕ್ಕೆ ಗುಣಿಸಿದರೆ ಎಂಬತ್ತೇಳು ಕೆ.ಜಿ. ಚಿಲ್ಲರೆ. ಉಳಿದ ಮೂರು ಕೆ.ಜಿ. ಇಲಿ ತಿಂದಿತು ಎಂದರೆ ಯಾವ ಆಡಿಟರ್ ಕೂಡ ಒಪ್ಪಬೇಕು.

ಸರಬರಾಜಿನ ಕರಾರು ತೆಗೆಸಿ ಓದಿದೆ. ‘ಸ್ವಚ್ಛಗೊಳಿಸಿದ ಜೋಳ’ ಎಂದಿತ್ತು. ಬಿಲ್ಲಿನ ಮೇಲೆ ‘ಪರೀಕ್ಷಿಸಿದೆ, ಸ್ವಚ್ಛವಾಗಿದೆ’ ಎಂಬ ಷರಾ, ಕೆಳಗೆ ವಾರ್ಡನ್ ಸಹಿ. ಹಳೆಯ ಕರಡನ್ನು ಅವರ ಎದುರೇ ಹರಿದೆ. ಹೊಸ ಪ್ಯಾರಾ ಸರಬರಾಜುದಾರನ ಮೇಲೆ, ಆ ಷರಾ ಬರೆದವರ ಮೇಲೆ. ಸಾಕ್ಷಿಗೆ ಕಸದ ಎರಡು ಗಂಟು ಕಟ್ಟಿ ಸೀಲ್ ಮಾಡಿಸಿ, ಶೇರ್ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ಬಂದೆವು. ಆ ಪ್ಯಾರಾ ಕೈಬಿಡಿ ಎಂದು ಮೇಲಿನಿಂದ ಮೂರು ಸಲ ಹೇಳಿಸಿದರು. ಮೂರು ಸಲವೂ ಸೀಲ್ ಮಾಡಿದ ಆ ಗಂಟುಗಳನ್ನು ತಂದು ಮೇಜಿನ ಮೇಲಿಟ್ಟೆ.

ಮರುವರ್ಷ ಅದೇ ಹಾಸ್ಟೆಲ್‌ಗೆ ಹೋದಾಗ ವಾರ್ಡನ್ ಬೇರೆಯವರಿದ್ದರು. ದೇವಮ್ಮ ಕಾಯಂ ಆಗಿದ್ದಳು. ರೊಟ್ಟಿ ತಿನ್ನದೆ ಕೆಲಸ ಶುರು ಮಾಡಲು ಬಿಡಲಿಲ್ಲ.

ಲೆಕ್ಕದಲ್ಲಿ ಬಂದದ್ದಕ್ಕೆ ಒಂದು ಕಾಲಂ, ಹೋದದ್ದಕ್ಕೆ ಒಂದು ಕಾಲಂ ಇರುತ್ತದೆ. ನಡುವೆ ಕೂತು ಹಸನು ಮಾಡುವವಳಿಗೆ ಕಾಲಂ ಇರುವುದಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಇದನ್ನು ನನಗೆ ಯಾವ ತರಬೇತಿಯೂ ಹೇಳಿರಲಿಲ್ಲ. ಸ್ಟಾಕ್ ರಿಜಿಸ್ಟರ್ ತೆರೆದೆ. ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಒಂದು ಸೊಟ್ಟ ಗೆರೆ ಎಳೆದು, ಹಿಂದೆ ಆ ಸಹಿಯಲ್ಲಿ ಕಂಡ ಅದೇ ಸೊಟ್ಟ ಅಕ್ಷರದಲ್ಲಿ ಮೇಲೆ ‘ಹಳ್ಳು’ ಎಂದು ಬರೆದಿತ್ತು. ಕೆಳಗೆ ಪ್ರತಿ ಚೀಲದ ಎದುರು ತೂಕ. ನಿಗದಿತ ನಮೂನೆಯಲ್ಲಿ ಇಲ್ಲದ ಕಾಲಂ. ನಿಯಮದ ಪ್ರಕಾರ ನಾನು ಆಕ್ಷೇಪಣೆ ಎತ್ತಬೇಕಿತ್ತು. ಪ್ರತಿ ಸಾಲಿಗೂ ಹಸಿರು ಶಾಯಿಯ ಟಿಕ್ ಹಾಕಿ, ಕೊನೆಯಲ್ಲಿ ಪೂರ್ತಿ ಸಹಿ ಮಾಡಿದೆ.